ಊರಿನ ಕಪ್ಪು ಹಂದಿ ಮತ್ತು ಗೋವಾದ ಅಗೊಂಡ ಹಂದಿ ಒಂದೇ ತಳಿಯಾ? ಯಾವ ಮಾರ್ಕರ್ ಹಾಕಿ ನೋಡಬೇಕು?

ಶಿರ್ವದ ಹುಡುಗಿ:

ಎಲ್ಲರಿಗೂ ನಮಸ್ಕಾರ. ನಾನು ಮಂಗಳೂರಿನಲ್ಲಿ ಬಯೋಟೆಕ್ನಾಲಜಿ ಎಂಎಸ್ಸಿ ಓದುತ್ತಿದ್ದೇನೆ, ಮನೆ ಶಿರ್ವದ ಹತ್ತಿರ. ಪ್ರಾಜೆಕ್ಟಿಗೆ ನಮ್ಮ ಊರ ಕಪ್ಪು ಹಂದಿಯನ್ನೇ ತೆಗೆದುಕೊಳ್ಳಬೇಕು ಅಂತ ತುಂಬಾ ಆಸೆ. ಶಿರ್ವ, ಬೆಳ್ಮಣ್, ಕಿನ್ನಿಗೋಳಿ, ಮೂಡುಬಿದಿರೆ ಕಡೆ ಕೆಲವು ಮನೆಗಳಲ್ಲಿ ಈಗಲೂ ಗಂಜಿ ನೀರು, ಮುಸುರೆ ಹಾಕಿ ಸಾಕುವ ಸಣ್ಣ ಗಾತ್ರದ ಹಂದಿ ಉಂಟಲ್ವಾ, ಉದ್ದ ಮೂತಿ, ಬೆನ್ನ ಮೇಲೆ ಒರಟು ಕೂದಲು, ಅದೇ. ಫಾರ್ಮುಗಳಿಗೆ ಬಿಳಿ ಯಾರ್ಕ್‌ಶೈರ್ ಮತ್ತು ಅದರ ಕ್ರಾಸ್ ಬಂದ ಮೇಲೆ ಇದನ್ನು ಸಾಕುವವರು ಕಡಿಮೆ ಆಗುತ್ತಾ ಬಂದಿದ್ದಾರೆ. ಪೂರ್ತಿ ಹೋಗುವ ಮೊದಲು ಇದು ಏನು ಅಂತ ಯಾರಾದರೂ ಸರಿಯಾಗಿ ನೋಡಬೇಕು ಅನ್ನುವುದು ನನ್ನ ಮನಸ್ಸಿನಲ್ಲಿ ಇರುವುದು.

ನಮ್ಮ ಮನೆಯ ಹಿರಿಯರು ಹೇಳುವುದು, ಈ ಹಂದಿಯನ್ನು ನಮ್ಮ ಪೂರ್ವಜರು ಗೋವಾದಿಂದ ಬರುವಾಗ ತಂದರು ಅಂತ. ಗೋವಾದಲ್ಲಿ 'ಅಗೊಂಡ ಗೋವನ್' ಅಂತ ಒಂದು ದೇಸಿ ತಳಿ ಕರ್ನಾಲಿನ ರಾಷ್ಟ್ರೀಯ ಪಶು ಆನುವಂಶಿಕ ಸಂಪನ್ಮೂಲ ಬ್ಯೂರೋದಲ್ಲಿ ನೋಂದಣಿ ಆಗಿದೆ. ಅದೂ ಕಪ್ಪು, ಅದೂ ಸಣ್ಣದು, ಫೋಟೋದಲ್ಲಿ ನೋಡಿದರೆ ನಮ್ಮದರ ಹಾಗೆಯೇ ಕಾಣುತ್ತದೆ. ಹಾಗಾದರೆ ಎರಡೂ ಒಂದೇನಾ, ಅಥವಾ ನಮ್ಮದು ಬೇರೆಯಾ? ಇದನ್ನು ಜೆನೆಟಿಕ್ ಮಾರ್ಕರ್‌ಗಳಿಂದ, ಅಂದರೆ ಡಿಎನ್‌ಎಯಲ್ಲಿ ಪ್ರಾಣಿಯಿಂದ ಪ್ರಾಣಿಗೆ ಬದಲಾಗುವ ಗುರುತುಗಳಿಂದ, ಹೇಳಲು ಆಗುತ್ತದಾ? ಗೈಡ್ ಮೈಕ್ರೋಸ್ಯಾಟಲೈಟ್ ಮಾಡು ಅಂತಾರೆ. ಸೀನಿಯರ್‌ಗಳು ಅದೆಲ್ಲ ಹಳೆಯದು, ಎಸ್‌ಎನ್‌ಪಿ ಚಿಪ್ (ಡಿಎನ್‌ಎಯ ಒಂದೊಂದೇ ಅಕ್ಷರದ ವ್ಯತ್ಯಾಸಗಳನ್ನು ಸಾವಿರಾರು ಜಾಗದಲ್ಲಿ ಒಟ್ಟಿಗೆ ನೋಡುವುದು) ಮಾಡು ಅಂತಾರೆ. ಎಷ್ಟು ಹಂದಿ ಬೇಕು, ಯಾವ ತಳಿಗಳ ಜೊತೆ ಹೋಲಿಸಬೇಕು ಅನ್ನುವುದೂ ತಲೆಗೆ ಹೋಗುತ್ತಿಲ್ಲ. ಈ ಕೆಲಸ ಮಾಡಿದವರು, ಹಂದಿ ಸಾಕಿದವರು ಯಾರಿದ್ದರೂ ದಯವಿಟ್ಟು ಹೇಳಿ.

ಮಣಿಪಾಲ ಬಯೋ:

ಎಂಟಿ ಡಿಎನ್‌ಎ (ಜೀವಕೋಶದ ಮೈಟೋಕಾಂಡ್ರಿಯಾದಲ್ಲಿ ಇರುವ ಡಿಎನ್‌ಎ) ಮಾಡಿಬಿಡಿ. ಅದರಲ್ಲಿ ಹೆಚ್ಚು ಬದಲಾಗುವ ಡಿ-ಲೂಪ್ ಭಾಗ ಮಾತ್ರ ಸೀಕ್ವೆನ್ಸ್ ಮಾಡಿಸಿದರೆ ಸಾಕು. ಖರ್ಚು ಕಡಿಮೆ, ಬೇಗ ಮುಗಿಯುತ್ತದೆ, ಹೋಲಿಸಲು ಪ್ರಪಂಚದ ಎಲ್ಲ ಕಡೆಯ ಸೀಕ್ವೆನ್ಸ್ ಜೆನ್‌ಬ್ಯಾಂಕ್ ಅನ್ನುವ ಡೇಟಾಬೇಸಿನಲ್ಲಿ ಪುಕ್ಕಟೆ ಸಿಗುತ್ತದೆ. ಎಂಎಸ್ಸಿ ಪ್ರಾಜೆಕ್ಟಿಗೆ ಅಷ್ಟು ಧಾರಾಳ ಸಾಕು.

ಲ್ಯಾಬ್ ಅಕ್ಕ, ದೇರಳಕಟ್ಟೆ:

ಎಂಟಿ ಡಿಎನ್‌ಎ ಮಾಡುವುದು ತಪ್ಪಲ್ಲ, ಆದರೆ ಈ ಪ್ರಶ್ನೆಗೆ ಅದೊಂದೇ ಸಾಲುವುದಿಲ್ಲ. ತುಳುನಾಡಿನಲ್ಲಿ 'ಬರಿ' (ಕುಲ) ತಾಯಿಯಿಂದ ಮಕ್ಕಳಿಗೆ ಬರುತ್ತದಲ್ವಾ, ಎಂಟಿ ಡಿಎನ್‌ಎ ಕೂಡ ಹಾಗೆಯೇ, ತಾಯಿಯ ಕಡೆಯಿಂದ ಮಾತ್ರ. ನಮ್ಮಲ್ಲಿ ಕ್ರಾಸ್ ಆದದ್ದು ಹೆಚ್ಚಾಗಿ ಹೇಗೆ? ಹೊರಗಿನಿಂದ ಗಂಡು ತಂದು ಊರಿನ ಹೆಣ್ಣಿಗೆ ಬಿಟ್ಟದ್ದು. ಊರಿನ ಹೆಣ್ಣಿಗೆ ಯಾರ್ಕ್‌ಶೈರ್ ಗಂಡು ಬಿಟ್ಟರೆ ಮರಿಯಲ್ಲಿ ಅರ್ಧ ಯಾರ್ಕ್‌ಶೈರ್. ಆ ಹೆಣ್ಣು ಮರಿ ದೊಡ್ಡದಾದ ಮೇಲೆ ಅದಕ್ಕೂ ಯಾರ್ಕ್‌ಶೈರ್ ಗಂಡೇ ಬಿಟ್ಟರೆ ಮುಂದಿನ ಮರಿಯಲ್ಲಿ ಮುಕ್ಕಾಲು ಯಾರ್ಕ್‌ಶೈರ್. ಎಂಟಿ ಡಿಎನ್‌ಎ ನೋಡಿದರೆ ಮಾತ್ರ ಆಗಲೂ ನೂರಕ್ಕೆ ನೂರು ಊರಿನದೇ! ಅದನ್ನು ನಂಬಿ 'ಶುದ್ಧ ದೇಸಿ' ಅಂತ ಬರೆದರೆ ದೊಡ್ಡ ಅನ್ಯಾಯ. ಗಂಡಿನ ಕಡೆ ನೋಡಲು ವೈ ಕ್ರೋಮೋಸೋಮಿನ ಮಾರ್ಕರ್ ಇವೆ, ಅದನ್ನು ಎಂಟಿ ಜೊತೆ ಸೇರಿಸಿದರೆ ಸ್ವಲ್ಪ ಚಿತ್ರ ಸಿಗುತ್ತದೆ. ಹಂದಿಗೆ 19 ಜೊತೆ ಕ್ರೋಮೋಸೋಮ್. ಪೂರ್ತಿ ಚಿತ್ರ ಬೇಕಿದ್ದರೆ ಲಿಂಗಕ್ಕೆ ಸಂಬಂಧವಿಲ್ಲದ ಆ 18 ಜೊತೆಗಳ ಮೇಲೆ ಹರಡಿದ ಮಾರ್ಕರ್‌ಗಳೇ ಬೇಕು.

ಈಗ ನಿಮ್ಮ ಮುಖ್ಯ ಪ್ರಶ್ನೆ. ಮೈಕ್ರೋಸ್ಯಾಟಲೈಟ್ ಅಂದರೆ ಸಿಎ ಸಿಎ ಸಿಎ ಅಂತ ಸಣ್ಣ ತುಂಡು ಮತ್ತೆ ಮತ್ತೆ ಬರುವ ಜಾಗ. ಒಂದು ಹಂದಿಯಲ್ಲಿ ಅದು 14 ಸಲ ಬಂದರೆ ಇನ್ನೊಂದರಲ್ಲಿ 17 ಸಲ ಬರಬಹುದು. ಒಂದೊಂದು ಜಾಗದಲ್ಲೂ ಹತ್ತಾರು ರೂಪ ಸಿಗುವುದರಿಂದ ಕಡಿಮೆ ಮಾರ್ಕರ್‌ನಲ್ಲೇ ಹತ್ತಿರದ ತಳಿಗಳನ್ನು ಬೇರೆ ಮಾಡಲು ಆಗುತ್ತದೆ. ವಿಶ್ವಸಂಸ್ಥೆಯ ಆಹಾರ ಮತ್ತು ಕೃಷಿ ಸಂಸ್ಥೆ ಹಂದಿಗೆ ಅಂತಲೇ ಒಂದು ಪಟ್ಟಿ ಕೊಟ್ಟಿದೆ. ಎಸ್0005, ಎಸ್0090, ಎಸ್‌ಡಬ್ಲ್ಯೂ240, ಎಸ್‌ಡಬ್ಲ್ಯೂ911 ಇವೆಲ್ಲ ಅದರಲ್ಲಿ ಬರುತ್ತವೆ. ಭಾರತದ ದೇಸಿ ಹಂದಿಗಳ ಮೇಲೆ ಮೊದಲು ಆದ ಕೆಲಸಗಳಲ್ಲೂ ಇದೇ ಬಗೆಯ ಮಾರ್ಕರ್ ಬಳಸಿದ್ದಾರೆ. ನಿಮ್ಮ ಗೈಡ್ ಹೇಳಿದ್ದರಲ್ಲಿ ಅರ್ಥವಿದೆ.

ಆದರೆ ಇದರಲ್ಲಿ ಒಂದು ತೊಂದರೆ ಉಂಟು, ಅದನ್ನು ಯಾರೂ ಮೊದಲೇ ಹೇಳುವುದಿಲ್ಲ. ಒಂದು ಲ್ಯಾಬಿನ ಯಂತ್ರದಲ್ಲಿ ಉದ್ದ 182 ಅಂತ ಬಂದ ಡಿಎನ್‌ಎ ತುಂಡು ಇನ್ನೊಂದು ಲ್ಯಾಬಿನಲ್ಲಿ 184 ಅಂತ ಬರಬಹುದು, ತುಂಡಿಗೆ ಹಚ್ಚುವ ಬಣ್ಣ (ಡೈ) ಬೇರೆ ಆದರೂ ಬದಲಾಗುತ್ತದೆ. ಹಾಗಾಗಿ ಅಗೊಂಡ ಹಂದಿಯ ಅಂಕಿಗಳನ್ನು ಯಾವುದೋ ಪೇಪರಿನಿಂದ ಎತ್ತಿಕೊಂಡು ನಿಮ್ಮ ಅಂಕಿಗಳ ಪಕ್ಕದಲ್ಲಿ ಇಡುವ ಹಾಗಿಲ್ಲ. ಒಂದೋ ಅಗೊಂಡ ಹಂದಿಯ ಡಿಎನ್‌ಎಯನ್ನೇ ತರಿಸಿ ನಿಮ್ಮ ಯಂತ್ರದಲ್ಲಿ ಒಟ್ಟಿಗೆ ಓಡಿಸಬೇಕು, ಇಲ್ಲಾ ಎರಡೂ ಕಡೆ ಓಡಿಸಿದ ಒಂದೇ ರೆಫರೆನ್ಸ್ ಸ್ಯಾಂಪಲ್ ಇರಬೇಕು.

ಎಸ್‌ಎನ್‌ಪಿ ಚಿಪ್‌ನಲ್ಲಿ ಈ ತೊಂದರೆ ಇಲ್ಲ. ಅಲ್ಲಿ ಪ್ರತಿ ಜಾಗದಲ್ಲಿ ಎರಡೇ ಅಕ್ಷರ, ಎ ಅಥವಾ ಜಿ ಅನ್ನುವ ಹಾಗೆ. ಎಲ್ಲಿ ಓಡಿಸಿದರೂ ಅದೇ ಉತ್ತರ. ಇಲ್ಯುಮಿನಾ ಕಂಪನಿಯ ಸುಮಾರು 60 ಸಾವಿರ ಮಾರ್ಕರ್‌ಗಳ ಹಂದಿ ಚಿಪ್ 2009ರಲ್ಲಿ ಬಂತು, ಅದರಲ್ಲಿ ಓಡಿಸಿದ ಬೇರೆ ಬೇರೆ ದೇಶಗಳ ತಳಿಗಳ ಡೇಟಾ ಎಲ್ಲರಿಗೂ ಸಿಗುವ ಹಾಗೆ ಇಟ್ಟಿದ್ದಾರೆ. ನೀವು ನಿಮ್ಮ ಹಂದಿಗಳನ್ನು ಮಾತ್ರ ಓಡಿಸಿ ಯಾರ್ಕ್‌ಶೈರ್, ಲ್ಯಾಂಡ್‌ರೇಸ್, ಚೀನಾ ತಳಿಗಳನ್ನು ಅಲ್ಲಿಂದಲೇ ಸೇರಿಸಿಕೊಳ್ಳಬಹುದು.

ಇದರಲ್ಲೂ ಒಂದು ಮೋಸ ಅಡಗಿದೆ. ಆ ಚಿಪ್ ಮಾಡುವಾಗ ಯಾವ ಜಾಗದಲ್ಲಿ ವ್ಯತ್ಯಾಸ ಇದೆ ಅಂತ ಹುಡುಕಿದ್ದು ಡ್ಯುರಾಕ್, ಲ್ಯಾಂಡ್‌ರೇಸ್, ಲಾರ್ಜ್ ವೈಟ್ (ಯಾರ್ಕ್‌ಶೈರ್), ಪಿಯೆಟ್ರೇನ್ ಮತ್ತು ಕಾಡುಹಂದಿಗಳಲ್ಲಿ. ಯುರೋಪಿನ ಹಂದಿಗಳಲ್ಲಿ ಬದಲಾಗುವ ಜಾಗಗಳನ್ನೇ ಆರಿಸಿದ ಹಾಗಾಯಿತು. ಏಷ್ಯಾದ ಹಂದಿಗಳಲ್ಲಿ ಮಾತ್ರ ಬದಲಾಗುವ ಎಷ್ಟೋ ಜಾಗ ಅದರಲ್ಲಿ ಇಲ್ಲವೇ ಇಲ್ಲ. ಅದಕ್ಕೇ ದೇಸಿ ಹಂದಿಯನ್ನು ಇದರಲ್ಲಿ ಹಾಕಿದರೆ ವೈವಿಧ್ಯ ಕಡಿಮೆ ಅಂತ ಬರುತ್ತದೆ, ನಿಜವಾಗಿ ಜಾಸ್ತಿ ಇದ್ದರೂ. ಚಿಪ್‌ನಿಂದ ಮಿಶ್ರಣ ಎಷ್ಟು ಅಂತ ಅಳೆಯಿರಿ, ಯಾರು ಯಾರಿಗೆ ಹತ್ತಿರ ಅಂತ ನೋಡಿ. 'ಊರ ಹಂದಿಯಲ್ಲಿ ವೈವಿಧ್ಯವೇ ಇಲ್ಲ' ಅಂತ ಮಾತ್ರ ಬರೆಯಬೇಡಿ.

ನನ್ನನ್ನು ಕೇಳಿದರೆ, ಹಣ ಇದ್ದರೆ ತಳಿಗೆ 20-25ರಂತೆ ಚಿಪ್. ಅಷ್ಟು ಮಾರ್ಕರ್ ಇರುವಾಗ ಪ್ರಾಣಿ ಕಡಿಮೆ ಇದ್ದರೂ ನಡೆಯುತ್ತದೆ. ಹಣ ಇಲ್ಲದಿದ್ದರೆ ಮೈಕ್ರೋಸ್ಯಾಟಲೈಟ್, ಆಗ ತಳಿಗೆ 40-50 ಪ್ರಾಣಿ ಬೇಕು. ಆದರೆ ಯಾವ ಮಾರ್ಕರ್ ಅನ್ನುವುದಕ್ಕಿಂತ ಯಾವ ಹಂದಿ ಅನ್ನುವುದೇ ದೊಡ್ಡ ವಿಷಯ. ಒಂದೇ ಸೂಲಿನ ಎಂಟು ಮರಿಗಳ ಸ್ಯಾಂಪಲ್ ತಂದು ಎಂಟು ಹಂದಿ ಅಂತ ಲೆಕ್ಕ ಹಾಕಿದರೆ ಪ್ರಾಣಿಗಳನ್ನು ಗುಂಪು ಮಾಡುವ 'ಸ್ಟ್ರಕ್ಚರ್' ಸಾಫ್ಟ್‌ವೇರ್ ಆ ಒಂದು ಕುಟುಂಬವನ್ನೇ ಬೇರೆ ತಳಿ ಅಂತ ತೋರಿಸುತ್ತದೆ. ಅದರ ಚಿತ್ರದಲ್ಲಿ ಬಣ್ಣದ ಕಂಬ ಚಂದ ಬರುತ್ತದೆ, ಅರ್ಥ ಏನೂ ಇರುವುದಿಲ್ಲ. ಒಂದು ಸೂಲಿಗೆ ಒಂದೇ, ಅಜ್ಜ ಅಜ್ಜಿಯೂ ಒಂದೇ ಆಗದ ಹಾಗೆ ನೋಡಿಕೊಳ್ಳಿ.

ಬೆಳ್ಮಣ್ ಸಾಕಣೆಗಾರ:

ಮಗಾ, ಲ್ಯಾಬಿನ ವಿಷಯ ಆ ಅಕ್ಕ ಚೆನ್ನಾಗಿ ಹೇಳಿದ್ದಾರೆ, ನಾನು ಗೂಡಿನ ವಿಷಯ ಹೇಳುತ್ತೇನೆ. ನಮ್ಮದು ತಲೆಮಾರಿನಿಂದ ಹಂದಿ ಸಾಕುವ ಮನೆ. ಅಜ್ಜ ಅಜ್ಜಿ ಒಂದೇ ಆಗಬಾರದು ಅಂತ ಹೇಳುವುದು ಸುಲಭ, ಆದರೆ ಈ ಕಡೆ ಒಂದು ಗಂಡು ಸುತ್ತಮುತ್ತಲಿನ ಎಷ್ಟೋ ಮನೆಗೆ ಹೋಗುತ್ತದೆ ಮಾರಾಯ್ತಿ. ಎಲ್ಲರೂ ಗಂಡು ಸಾಕುವುದಿಲ್ಲ. ಒಳ್ಳೆ ಗಂಡು ಇರುವ ಮನೆಗೆ ಹೆಣ್ಣನ್ನು ಕರೆದುಕೊಂಡು ಹೋಗುವುದು, ಹುಟ್ಟಿದ ಮೇಲೆ ಒಂದು ಮರಿ ಅವರಿಗೆ ಕೊಡುವುದು, ಇದೇ ಪದ್ಧತಿ. ಹಾಗಾಗಿ ನೀನು ಐದು ಮನೆಯಿಂದ ಐದು ಹಂದಿ ತಂದರೂ ಐದಕ್ಕೂ ಅಪ್ಪ ಒಂದೇ ಆಗಿರಬಹುದು. ಪ್ರತಿ ಮನೆಯಲ್ಲಿ ಮೊದಲು ಕೇಳಬೇಕಾದ್ದು, 'ಗಂಡು ಯಾರ ಮನೆಯದ್ದು, ಅವರು ಎಲ್ಲಿಂದ ತಂದದ್ದು' ಅಂತ. ಹೆಂಗಸರನ್ನೇ ಕೇಳು. ಹಂದಿಗೆ ದಿನಾ ಹಾಕುವವರು ಅವರು, ಯಾವ ಹಂದಿ ಯಾವುದರ ಮರಿ ಅಂತ ಅವರಿಗೆ ಬಾಯಿಪಾಠ.

ಮತ್ತೆ ಕ್ರಿಸ್ಮಸ್, ಮದುವೆ ಸೀಸನ್ ಬರುವಾಗ ಹೊರಗಿನಿಂದ ಲಾರಿಯಲ್ಲಿ ಹಂದಿ ಬರುತ್ತದೆ. ಅಂಗಡಿಯಲ್ಲಿ ಕಪ್ಪು ಚರ್ಮ ಕಂಡ ತಕ್ಷಣ ಊರಿನದು ಅಂತ ಸ್ಯಾಂಪಲ್ ತೆಗೆಯಬೇಡ. ಕಡಿಯುವವರಿಗೆ ಎಲ್ಲಿಂದ ಬಂತು ಅಂತ ಗೊತ್ತಿರುತ್ತದೆ, ಕೇಳಿ ಬರೆದುಕೋ. ಬಫಾತಿಗೆ (ಹಂದಿ ಮಾಂಸದ ಸಾರು) ಊರಿನದ್ದೇ ಬೇಕು, ಚರ್ಮ ದಪ್ಪ, ರುಚಿಯೇ ಬೇರೆ ಅಂತ ಹುಡುಕಿಕೊಂಡು ಬರುವವರು ಈಗಲೂ ಇದ್ದಾರೆ. ಆದರೆ ಕ್ರಾಸ್ ಹಂದಿ ತೂಕಕ್ಕೆ ಬರುವಷ್ಟು ಸಮಯದಲ್ಲಿ ಇದು ಅದರ ಅರ್ಧವೂ ಬರುವುದಿಲ್ಲ, ಹಾಗಾದರೆ ಸಾಕುವವನು ಏನು ಮಾಡಬೇಕು ಹೇಳು. ನಿನ್ನ ಕೆಲಸದಿಂದ ಇದಕ್ಕೆ ಒಂದು ಹೆಸರು ಸಿಕ್ಕರೆ ಬೆಲೆಯೂ ಸಿಗಬಹುದು ಅಂತ ನಮಗೂ ಆಸೆ ಉಂಟು.

ಪಶುವೈದ್ಯ, ಕುಂದಾಪುರ:

ಬಣ್ಣದ ವಿಷಯ ಬಂತಲ್ಲ, ಅದಕ್ಕೆ ಸೇರಿಸುತ್ತೇನೆ. ಯಾರ್ಕ್‌ಶೈರಿನ ಬಿಳಿ ಬಣ್ಣ ಎಂಟನೇ ಕ್ರೋಮೋಸೋಮಿನ ಕಿಟ್ ಅನ್ನುವ ಜೀನಿನಿಂದ ಬರುತ್ತದೆ. ಆ ಜೀನ್ ಅಲ್ಲಿ ದುಪ್ಪಟ್ಟಾಗಿದೆ, ಜೊತೆಗೆ ಇನ್ನೊಂದು ಬದಲಾವಣೆಯೂ ಇದೆ. ಅದು ಪ್ರಬಲ, ಒಂದು ಪ್ರತಿ ಇದ್ದರೆ ಸಾಕು ಮರಿ ಬಿಳಿ. ಈಗ ಲೆಕ್ಕ ನೋಡಿ. ಕಪ್ಪು ಹೆಣ್ಣಿಗೆ ಶುದ್ಧ ಯಾರ್ಕ್‌ಶೈರ್ ಗಂಡು ಬಿಟ್ಟರೆ ಮರಿಗಳೆಲ್ಲ ಹೆಚ್ಚುಕಮ್ಮಿ ಬಿಳಿ. ಆ ಬಿಳಿ ಮರಿಯನ್ನು ಮತ್ತೆ ಊರಿನ ಕಪ್ಪು ಗಂಡಿಗೆ ಕೂಡಿಸಿದರೆ ಅರ್ಧ ಮರಿಗಳು ಬಿಳಿ, ಅರ್ಧ ಕಪ್ಪು. ಆ ಕಪ್ಪು ಮರಿಗಳಲ್ಲಿ ಸರಾಸರಿ ಕಾಲು ಭಾಗ ಯಾರ್ಕ್‌ಶೈರ್ ಉಳಿದಿರುತ್ತದೆ. ಎರಡು ಬಿಳಿ ಕ್ರಾಸ್‌ಗಳನ್ನೇ ಪರಸ್ಪರ ಕೂಡಿಸಿದರೆ ನಾಲ್ಕರಲ್ಲಿ ಒಂದು ಮರಿ ಕಪ್ಪು ಬರುತ್ತದೆ, ಅದರಲ್ಲಿ ಸುಮಾರು ಅರ್ಧ ಯಾರ್ಕ್‌ಶೈರ್! ಹೊರಗಿನಿಂದ ನೋಡಿದರೆ ಅಪ್ಪಟ ಊರ ಹಂದಿ. ಆದ್ದರಿಂದ ಕಪ್ಪು ಬಣ್ಣ ನೋಡಿ ಆರಿಸುವುದನ್ನು ಬಿಟ್ಟುಬಿಡಿ, ಮೂತಿ, ಕಿವಿ, ಬೆನ್ನಿನ ಕೂದಲು, ಬಾಲ, ಮೈ ಅಳತೆ ಎಲ್ಲ ಬರೆದುಕೊಳ್ಳಿ.

ಹೆಸರಿನ ವಿಷಯಕ್ಕೆ ಬಂದರೆ, ಬರೀ ಡಿಎನ್‌ಎ ತೋರಿಸಿದರೆ ಕರ್ನಾಲಿನಲ್ಲಿ ತಳಿ ಅಂತ ನೋಂದಣಿ ಆಗುವುದಿಲ್ಲ. ಎಲ್ಲಿ ಸಾಕುತ್ತಾರೆ, ಎಷ್ಟಿವೆ, ಮೈಕಟ್ಟು ಹೇಗೆ, ಎಷ್ಟು ಮರಿ ಹಾಕುತ್ತದೆ, ಗುಣಗಳು ತಲೆಮಾರಿನಿಂದ ತಲೆಮಾರಿಗೆ ಹಾಗೆಯೇ ಬರುತ್ತವೆಯಾ, ಸಾಕುವವರು ಅದನ್ನು ಬೇರೆ ಅಂತ ಗುರುತಿಸುತ್ತಾರಾ, ಇದೆಲ್ಲ ಬೇಕು. ಮಾರ್ಕರ್ ಅದಕ್ಕೆ ಬಲ ಕೊಡುತ್ತದೆ ಅಷ್ಟೇ. ಬಂಗಾಳದ ಘುಂಗ್ರೂ, ಮೇಘಾಲಯದ ನಿಯಾಂಗ್ ಮೇಘಾ, ನಾಗಾಲ್ಯಾಂಡಿನ ತೆನ್ಯಿ ವೋ, ಅಸ್ಸಾಮಿನ ಡೂಮ್, ಇವೆಲ್ಲ ನೋಂದಣಿ ಪಟ್ಟಿಯಲ್ಲಿ ಇರುವ ದೇಸಿ ಹಂದಿಗಳು.

ಕೊನೆಗೆ, ಇದು ಎಲ್ಲಕ್ಕಿಂತ ಮುಖ್ಯ. ಆಫ್ರಿಕನ್ ಹಂದಿ ಜ್ವರ 2020ರಲ್ಲಿ ಅಸ್ಸಾಂ, ಅರುಣಾಚಲದಲ್ಲಿ ಕಾಣಿಸಿತು, 2022ರಲ್ಲಿ ವಯನಾಡಿಗೆ ಬಂತು. ಅದಕ್ಕೆ ಔಷಧಿ ಇಲ್ಲ. ಮನುಷ್ಯರಿಗೆ ಅಂಟುವುದಿಲ್ಲ, ಆದರೆ ನಮ್ಮ ಚಪ್ಪಲಿ, ಬಟ್ಟೆ, ಹಗ್ಗದ ಮೂಲಕ ಒಂದು ಗೂಡಿನಿಂದ ಇನ್ನೊಂದಕ್ಕೆ ಹೋಗುತ್ತದೆ. ಸ್ಯಾಂಪಲ್ ತೆಗೆಯಲು ಮನೆ ಮನೆ ತಿರುಗುವ ವಿದ್ಯಾರ್ಥಿಯೇ ರೋಗ ಹೊತ್ತುಕೊಂಡು ಹೋಗುವ ಹಾಗೆ ಆಗಬಾರದು. ಒಂದು ದಿನಕ್ಕೆ ಒಂದೇ ಮನೆ, ಅಲ್ಲಿಗೆ ಬೇರೆ ಗಮ್ ಬೂಟ್, ಹೊರಬರುವಾಗ ಸೋಂಕುನಾಶಕ. ರಕ್ತ ತೆಗೆಯುವುದೇ ಬೇಡ. ಬೆನ್ನಿನ ಕೂದಲನ್ನು ಬುಡ ಸಮೇತ ಕಿತ್ತರೆ ಸಾಕು, ಬುಡದಲ್ಲಿ ಡಿಎನ್‌ಎ ಇರುತ್ತದೆ, ಮನೆಯವರೇ ಕಿತ್ತು ಕವರಿನಲ್ಲಿ ಹಾಕಿ ಗೇಟಿನ ಹೊರಗೆ ಕೊಡಬಹುದು. ಕಾಲೇಜಿನ ಪ್ರಾಣಿ ನೈತಿಕ ಸಮಿತಿಯ ಅನುಮತಿ ಮೊದಲೇ ತೆಗೆದುಕೊಳ್ಳಿ. ಕಾಡುಹಂದಿಯನ್ನೂ ಸೇರಿಸಬೇಕು ಅನ್ನಿಸಿದರೆ ಅದು ವನ್ಯಜೀವಿ ಕಾಯ್ದೆಯಡಿ ಬರುತ್ತದೆ, ಅರಣ್ಯ ಇಲಾಖೆಯ ಒಪ್ಪಿಗೆ ಇಲ್ಲದೆ ಒಂದು ಕೂದಲೂ ಮುಟ್ಟಬೇಡಿ.

ಕಲ್ಯಾಣಪುರದವ:

ಇತಿಹಾಸದ ಕಡೆಯಿಂದ ಒಂದು ಮಾತು. ಗೋವಾದಿಂದ ಕ್ರೈಸ್ತರು ಈ ಕಡೆ ಬಂದದ್ದು ಒಂದೇ ಸಲ ಅಲ್ಲ, 16ನೇ ಶತಮಾನದಿಂದ ಶುರುವಾಗಿ ಬೇರೆ ಬೇರೆ ಕಾಲದಲ್ಲಿ. ಅದಕ್ಕಿಂತ ದೊಡ್ಡ ವಿಷಯ, 1784ರಲ್ಲಿ ಟಿಪ್ಪು ಇಲ್ಲಿನ ಕ್ರೈಸ್ತರನ್ನು ಹಿಡಿದು ಶ್ರೀರಂಗಪಟ್ಟಣಕ್ಕೆ ಕರೆದುಕೊಂಡು ಹೋದ. ಬದುಕಿ ಉಳಿದವರು ವಾಪಸ್ ಬಂದದ್ದು 1799ರ ನಂತರ. ನಡುವಿನ ಆ 15 ವರ್ಷ ಅವರ ಮನೆ, ಗದ್ದೆ, ದನಕರು ಯಾವುದೂ ಅವರ ಕೈಯಲ್ಲಿ ಇರಲಿಲ್ಲ. ಗೋವಾದಿಂದ ಹಂದಿ ತಂದಿದ್ದರೂ ಆ ಸಂತತಿ ಅದೇ ಮನೆಗಳಲ್ಲಿ ಮುಂದುವರಿದಿರುವುದು ಕಷ್ಟ. ಮತ್ತೆ ಗೋವಾದವರು ಬರುವ ಮೊದಲು ತುಳುನಾಡಿನಲ್ಲಿ ಹಂದಿಯೇ ಇರಲಿಲ್ಲ ಅಂತಲೂ ಅಲ್ಲ. ಹಂದಿ ರೂಪದ ದೈವ ಪಂಜುರ್ಲಿಯನ್ನು ನಂಬುವ ನಾಡು ಇದು, ಇಲ್ಲಿನ ಜನಕ್ಕೆ ಹಂದಿಯ ಪರಿಚಯ ಇನ್ನೂ ಹಳೆಯದು. ಹಾಗಾಗಿ 'ಗೋವಾದಿಂದ ತಂದದ್ದು' ಅನ್ನುವುದನ್ನು ಪರೀಕ್ಷೆ ಮಾಡಬೇಕಾದ ಪ್ರಶ್ನೆ ಅಂತ ಇಟ್ಟುಕೊಳ್ಳಿ, ಮೊದಲೇ ಉತ್ತರ ಅಂತ ಹಿಡಿದುಕೊಂಡು ಹೊರಡಬೇಡಿ.

ಶಿರ್ವದ ಹುಡುಗಿ:

ಎಲ್ಲರಿಗೂ ತುಂಬಾ ಥ್ಯಾಂಕ್ಸ್, ಇಷ್ಟು ವಿವರ ಸಿಗುತ್ತದೆ ಅಂತ ಅಂದುಕೊಂಡಿರಲಿಲ್ಲ. ಕೂದಲಿನ ಸ್ಯಾಂಪಲ್ ಮಾಡುತ್ತೇನೆ ಡಾಕ್ಟ್ರೇ, ಅನುಮತಿಗೂ ಅರ್ಜಿ ಹಾಕುತ್ತೇನೆ. ಅಕ್ಕಾ, ಇನ್ನೂ ಎರಡು ಸಂಶಯ. ಒಂದು, ನಮ್ಮ ಹಂದಿಯಲ್ಲಿ ಯಾರ್ಕ್‌ಶೈರಿನಲ್ಲಿ ಇರುವ ರೂಪಗಳೇ ಸಿಕ್ಕರೆ ಅದು ಕ್ರಾಸ್ ಅಂತಲೇ ಅರ್ಥವಾ? ಎರಡು, ಎಫ್‌ಎಸ್‌ಟಿ (ಎರಡು ಗುಂಪುಗಳ ನಡುವಿನ ಆನುವಂಶಿಕ ವ್ಯತ್ಯಾಸದ ಅಳತೆ) ಲೆಕ್ಕ ಹಾಕಿ ಅಗೊಂಡಕ್ಕೂ ನಮ್ಮದಕ್ಕೂ ದೂರ ಕಡಿಮೆ ಬಂದರೆ 'ಗೋವಾದಿಂದ ಬಂದದ್ದು ನಿಜ' ಅಂತ ಬರೆಯಬಹುದಾ?

ಲ್ಯಾಬ್ ಅಕ್ಕ, ದೇರಳಕಟ್ಟೆ:

ಒಳ್ಳೆಯ ಪ್ರಶ್ನೆಗಳು. ಮೊದಲನೆಯದಕ್ಕೆ, ಅಲ್ಲ. ಯುರೋಪ್ ಮತ್ತು ಏಷ್ಯಾದ ಕಾಡುಹಂದಿಗಳು ಬೇರೆಯಾಗಿ ಸುಮಾರು 10 ಲಕ್ಷ ವರ್ಷ ಆಗಿದೆ, ಎರಡೂ ಕಡೆ ಬೇರೆ ಬೇರೆಯಾಗಿ ಪಳಗಿಸಿದ್ದಾರೆ. ಅಲ್ಲಿಗೆ ಮುಗಿದಿದ್ದರೆ ಲೆಕ್ಕ ಸುಲಭವಿತ್ತು. ಆದರೆ 18-19ನೇ ಶತಮಾನದಲ್ಲಿ ಇಂಗ್ಲೆಂಡಿನವರು ಚೀನಾದ ಹಂದಿಗಳನ್ನು ತರಿಸಿ ತಮ್ಮ ಹಂದಿಗೆ ಕೂಡಿಸಿದರು, ಕೊಬ್ಬು ಬೇಗ ಬರಲಿ, ಮರಿ ಜಾಸ್ತಿ ಆಗಲಿ ಅಂತ. ಈಗಿನ ಯಾರ್ಕ್‌ಶೈರಿನ ಜೀನೋಮಿನಲ್ಲಿ ಏಷ್ಯಾದ ಪಾಲು ಸಾಕಷ್ಟಿದೆ. ಹಾಗಾಗಿ ನಿಮ್ಮ ಹಂದಿಗೂ ಯಾರ್ಕ್‌ಶೈರಿಗೂ ಒಂದೇ ರೂಪ ಇದ್ದರೆ ಅದು ಮೊನ್ನೆ ಮೊನ್ನೆಯ ಕ್ರಾಸಿನಿಂದ ಬಂದಿರಬಹುದು, ಇಲ್ಲಾ ಎರಡರಲ್ಲೂ ಇರುವ ಹಳೆಯ ಏಷ್ಯಾದ ಅಂಶ ಆಗಿರಬಹುದು.

ಇದನ್ನು ಬಿಡಿಸುವ ದಾರಿ ಇದೆ, ಅದು ಚಿಪ್‌ನಲ್ಲಿ ಮಾತ್ರ ಆಗುತ್ತದೆ. ಒಂದೊಂದು ಮಾರ್ಕರ್ ನೋಡಬೇಡಿ, ಪಕ್ಕಪಕ್ಕದ ಮಾರ್ಕರ್‌ಗಳನ್ನು ಒಟ್ಟಿಗೆ ಸಾಲಾಗಿ ನೋಡಿ. ಇತ್ತೀಚೆಗೆ ಕ್ರಾಸ್ ಆಗಿದ್ದರೆ ಯಾರ್ಕ್‌ಶೈರಿನ ತುಂಡುಗಳು ಉದ್ದುದ್ದ ಇರುತ್ತವೆ, ಕ್ರೋಮೋಸೋಮಿನ ಅರ್ಧದಷ್ಟೂ ಇರಬಹುದು. ಪ್ರತಿ ತಲೆಮಾರಿಗೂ ಅವು ತುಂಡಾಗುತ್ತಾ ಹೋಗುತ್ತವೆ, ಹಳೆಯ ಮಿಶ್ರಣವಾದರೆ ಸಣ್ಣ ಸಣ್ಣ ಚೂರು ಮಾತ್ರ ಉಳಿದಿರುತ್ತದೆ. ಉದ್ದ ನೋಡಿ ಕಾಲ ಅಂದಾಜು ಮಾಡಬಹುದು. 30 ಮೈಕ್ರೋಸ್ಯಾಟಲೈಟ್‌ನಲ್ಲಿ ಇದು ಸಾಧ್ಯವಿಲ್ಲ. ನಿಮ್ಮ ಪ್ರಶ್ನೆಗೆ ನಾನು ಚಿಪ್ ಕಡೆ ವಾಲುವುದು ಮುಖ್ಯವಾಗಿ ಇದಕ್ಕೇ.

ಎರಡನೆಯದರಲ್ಲಿ ತುಂಬಾ ಜಾಗ್ರತೆ ಬೇಕು. ಎಫ್‌ಎಸ್‌ಟಿ 0.05ಕ್ಕಿಂತ ಕಡಿಮೆ ಇದ್ದರೆ ವ್ಯತ್ಯಾಸ ಕಡಿಮೆ, 0.15 ದಾಟಿದರೆ ಜಾಸ್ತಿ ಅಂತ ಈ ಅಳತೆಯನ್ನು ಕೊಟ್ಟ ವಿಜ್ಞಾನಿ ಸೀವಾಲ್ ರೈಟ್ ಕಾಲದಿಂದ ಒಂದು ಅಂದಾಜು ಇದೆ, ಎಲ್ಲರೂ ಅದನ್ನೇ ಬರೆಯುತ್ತಾರೆ. ಆದರೆ ಎಫ್‌ಎಸ್‌ಟಿ ಎರಡು ಕಾರಣಕ್ಕೆ ಏರುತ್ತದೆ. ಬೇರೆಯಾಗಿ ಬಹಳ ಕಾಲ ಆಗಿದ್ದರೂ ಏರುತ್ತದೆ, ಸಂಖ್ಯೆ ತೀರಾ ಸಣ್ಣದಾಗಿ ಒಂದೆರಡು ಗಂಡಿನಿಂದಲೇ ಎಲ್ಲ ಹುಟ್ಟಿದ್ದರೂ ಏರುತ್ತದೆ. ಬೆಳ್ಮಣ್ಣಿನವರು ಹೇಳಿದರಲ್ಲ, ಒಂದೇ ಗಂಡು ಅಷ್ಟೂ ಮನೆಗೆ ಅಂತ. ಅಂಥ ಕಡೆ ಕೆಲವೇ ತಲೆಮಾರಿನಲ್ಲಿ ಕೆಲವು ರೂಪಗಳು ಕಳೆದುಹೋಗಿ, ಕೆಲವು ಸುಮ್ನೆ ಅದೃಷ್ಟದಿಂದ ಜಾಸ್ತಿಯಾಗಿ, ಪಕ್ಕದ ಊರಿನ ಹಂದಿಗಿಂತ ಬೇರೆ ಅಂತ ಕಾಣತೊಡಗುತ್ತದೆ. ಅದನ್ನು 'ಪ್ರಾಚೀನ ವಿಶಿಷ್ಟ ತಳಿ' ಅಂತ ಓದುವವರು ಬಹಳ ಜನ. ಹಾಗಾಗಿ ಎಫ್‌ಎಸ್‌ಟಿ ಜೊತೆಗೆ ಹೆಟೆರೋಜೈಗಸಿಟಿ (ಒಂದೇ ಜಾಗದಲ್ಲಿ ತಂದೆ ತಾಯಿಯಿಂದ ಬೇರೆ ಬೇರೆ ರೂಪ ಬಂದಿರುವ ಪ್ರಮಾಣ), ಒಳಸಂತಾನದ (ಹತ್ತಿರದ ಸಂಬಂಧಿಗಳು ಕೂಡಿ ಹುಟ್ಟಿದ್ದರ) ಮಟ್ಟ ಎರಡನ್ನೂ ಕೊಡಿ. ದೂರ ಜಾಸ್ತಿ, ವೈವಿಧ್ಯ ತೀರಾ ಕಡಿಮೆ ಅಂತ ಬಂದರೆ ಮೊದಲು ಒಳಸಂತಾನವನ್ನೇ ಅನುಮಾನಿಸಿ.

ದೂರ ಕಡಿಮೆ ಬಂದರೂ ಗೋವಾದ ಕಥೆ ಸಾಬೀತಾಗುವುದಿಲ್ಲ. ಕರಾವಳಿಯ ಉದ್ದಕ್ಕೂ ಮರಿ ಮಾರಾಟ ನಡೆದೇ ಇರುತ್ತದೆ. ಗೋವಾ, ಕಾರವಾರ, ಭಟ್ಕಳ, ಕುಂದಾಪುರ, ಉಡುಪಿ ಅಂತ ಮೆಲ್ಲಮೆಲ್ಲನೆ ಬದಲಾಗುತ್ತಾ ಬಂದರೆ ಅದು ಪಕ್ಕದೂರಿನ ಕೊಡುಕೊಳ್ಳುವಿಕೆ, ವಲಸೆಯೇ ಬೇಕಿಲ್ಲ. ನಡುವಿನ ಊರುಗಳ ಹಂದಿಯನ್ನೆಲ್ಲ ದಾಟಿ ನಿಮ್ಮದು ನೇರವಾಗಿ ಅಗೊಂಡಕ್ಕೇ ಹತ್ತಿರ ಅಂತ ಬಂದರೆ ಮಾತ್ರ ಆ ಕಥೆಗೆ ಬಲ. ಅದಕ್ಕೆ ಉತ್ತರ ಕನ್ನಡದ ಸ್ಯಾಂಪಲ್ ಬೇಕೇ ಬೇಕು. ಘಟ್ಟದ ಮೇಲಿನದ್ದು, ಶಿವಮೊಗ್ಗ ಅಥವಾ ಹಾಸನದ ಕಡೆಯ ಊರ ಹಂದಿ ಒಂದು ಗುಂಪು, ದಕ್ಷಿಣಕ್ಕೆ ಕೇರಳದ ಅಂಕಮಾಲಿ ಹಂದಿ ಒಂದು ಗುಂಪು ಇದ್ದರೆ ಇನ್ನೂ ಒಳ್ಳೆಯದು. ಎರಡೇ ಗುಂಪು ಇಟ್ಟುಕೊಂಡು ಹೋಲಿಸಿದರೆ ಯಾವುದಕ್ಕೂ ಉತ್ತರ ಸಿಗುವುದಿಲ್ಲ.

ಒಂದು ಎಂಎಸ್ಸಿಗೆ ಇಷ್ಟೆಲ್ಲ ಆಗುವುದಿಲ್ಲ ಅಂತ ಗೊತ್ತು. ಈ ವರ್ಷ ನಮ್ಮ ಎರಡು ಜಿಲ್ಲೆಯಲ್ಲಿ ಶುದ್ಧ ಊರ ಹಂದಿ ಎಷ್ಟು ಉಳಿದಿದೆ, ಯಾರ್ಕ್‌ಶೈರ್ ಎಷ್ಟು ಸೇರಿದೆ ಅನ್ನುವುದನ್ನು ಮಾತ್ರ ಹಿಡಿಯಿರಿ. ಅದಕ್ಕೆ ಬೇಕಾದ ಯಾರ್ಕ್‌ಶೈರ್ ಡೇಟಾ ಈಗಾಗಲೇ ಇದೆ, ಮಿಶ್ರಣ ಲೆಕ್ಕ ಹಾಕುವ 'ಅಡ್ಮಿಕ್ಸ್ಚರ್' ಸಾಫ್ಟ್‌ವೇರ್ ಓಡಿಸಿದರೆ ಪ್ರತಿ ಹಂದಿಗೂ ಒಂದು ಅಂದಾಜು ಸಿಗುತ್ತದೆ. ಹೆಚ್ಚು ಶುದ್ಧ ಅಂತ ಬಂದ ಹಂದಿಗಳು ಯಾರ ಮನೆಯದ್ದು ಅಂತ ಗೊತ್ತಾದರೆ ಅವರಿಗೆ ಹೇಳಬಹುದು, ಅದನ್ನು ಕಡಿಯಬೇಡಿ, ಮರಿ ಮಾಡಿಸಿ ಅಂತ. ಉಳಿದ ಡಿಎನ್‌ಎಯನ್ನು ಮೈನಸ್ 20ರಲ್ಲಿ ಜೋಪಾನ ಇಡಿ, ಗೋವಾ ಪ್ರಶ್ನೆಗೆ ಮುಂದೆ ಪಿಎಚ್‌ಡಿಯಲ್ಲಿ ಅದೇ ಬೇಕಾಗುತ್ತದೆ.

ಬೆಳ್ಮಣ್ ಸಾಕಣೆಗಾರ:

ಹಾಗೆ ಮಾಡು ಮಗಾ. ಬೆಳ್ಮಣ್, ಮುಂಡ್ಕೂರು, ಕಿನ್ನಿಗೋಳಿ ಕಡೆ ಗಂಡು ಇಟ್ಟುಕೊಂಡಿರುವ ಮನೆಗಳ ಪಟ್ಟಿ ನಾನು ಮಾಡಿಕೊಡುತ್ತೇನೆ, ಯಾವ ಗಂಡು ಯಾವ ಮನೆಗೆಲ್ಲ ಹೋಗಿದೆ ಅಂತಲೂ ಕೇಳಿ ಬರೆದಿಡುತ್ತೇನೆ. ಕೂದಲು ಮನೆಯವರೇ ಕಿತ್ತು ಕೊಡುತ್ತಾರೆ, ಯಾವ ಕವರಿನಲ್ಲಿ ಹಾಕಬೇಕು, ಎಷ್ಟು ಕೂದಲು ಬೇಕು ಅಂತ ಕನ್ನಡದಲ್ಲಿ ಒಂದು ಚೀಟಿ ಮಾಡಿ ಕಳಿಸು. ಕ್ರಿಸ್ಮಸ್ಸಿಗೆ ಮೊದಲೇ ಬಾ. ಆಮೇಲೆ ಅರ್ಧ ಹಂದಿ ಗೂಡಿನಲ್ಲಿ ಇರುವುದಿಲ್ಲ.